ಮಳೆ ದಿನದಲ್ಲಿ ಥೀಮ್ ಪಾರ್ಕ್: ಟಿಕೆಟ್ ದುಡ್ಡು ನೀರುಪಾಲಾಗದಂತೆ ನೋಡಿಕೊಳ್ಳುವುದು ಹೇಗೆ?

ಎರಡು ವಾರ ಮೊದಲೇ ಟಿಕೆಟ್ ಬುಕ್ ಆಗಿದೆ. ರಜೆಗೆಂದು ಊರಿನಿಂದ ಅಣ್ಣನ ಮಕ್ಕಳೂ ಬಂದಿದ್ದಾರೆ. ಹೊರಡುವ ದಿನ ಬೆಳಗ್ಗೆ ಕಿಟಕಿ ತೆರೆದರೆ ಮೋಡ ಕವಿದಿದೆ, ಹನಿ ಬೀಳುತ್ತಿದೆ. ಹೋಗೋಣವೇ, ಬಿಡೋಣವೇ? ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡಿಗರ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಚೆನ್ನೈನಲ್ಲಿ ದಸರಾ-ದೀಪಾವಳಿ ರಜೆಯ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಾಲ್ಕೈದು ಮಂದಿಯ ಟಿಕೆಟ್, ಊಟ, ಗಾಡಿ ಖರ್ಚು ಸೇರಿದರೆ ಸಾವಿರಾರು ರೂಪಾಯಿ ಆಗುವುದರಿಂದ ಸುಮ್ಮನೆ ಬಿಟ್ಟುಬಿಡುವುದೂ ಸುಲಭವಲ್ಲ.

ಮಳೆ ಬಂದ ಮಾತ್ರಕ್ಕೆ ಪಾರ್ಕ್ ಮುಚ್ಚುವುದಿಲ್ಲ. ಕೆಲವು ರೈಡ್‌ಗಳು ನಿಲ್ಲುತ್ತವೆ, ಕೆಲವು ನಡೆಯುತ್ತವೆ, ಜನ ಕಡಿಮೆ ಇರುವುದರಿಂದ ಕ್ಯೂ ಕೂಡ ಚಿಕ್ಕದಿರುತ್ತದೆ. ಆದರೆ ಬಿಸಿಲಿನ ದಿನಕ್ಕೆ ಮಾಡಿದ ಪ್ಲಾನ್ ಹಿಡಿದು ಹೋದರೆ ಅರ್ಧ ದಿನ ಶೆಡ್ ಕೆಳಗೆ ನಿಂತೇ ಕಳೆಯಬೇಕಾಗುತ್ತದೆ. ಇನ್ನು ಕೆಲವು ದಿನಗಳಲ್ಲಿ ಟಿಕೆಟ್ ಇದ್ದರೂ ಮನೆಯಲ್ಲಿ ಉಳಿಯುವುದೇ ಜಾಣತನ. ಯಾವ ದಿನ ಹೋಗಬಹುದು, ಯಾವ ದಿನ ಬೇಡ, ಹೋದರೆ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬ ಪೂರ್ಣ ಮಾಹಿತಿ ಇಲ್ಲಿದೆ.

ಮಳೆ ಬಂದರೆ ರೈಡ್ ಯಾಕೆ ನಿಲ್ಲಿಸುತ್ತಾರೆ?

'ಸ್ವಲ್ಪ ಹನಿ ಬಿದ್ದಿದ್ದಕ್ಕೆಲ್ಲ ನಿಲ್ಲಿಸಿಬಿಟ್ಟರು' ಎಂದು ಸಿಬ್ಬಂದಿಯ ಮೇಲೆ ರೇಗುವವರನ್ನು ಎಲ್ಲ ಪಾರ್ಕ್‌ಗಳಲ್ಲೂ ಕಾಣಬಹುದು. ನಿಲ್ಲಿಸುವುದಕ್ಕೆ ಗಟ್ಟಿ ಕಾರಣಗಳಿವೆ.

ಮೊದಲನೆಯದು ಬ್ರೇಕ್. ಬಹುತೇಕ ರೋಲರ್ ಕೋಸ್ಟರ್‌ಗಳಿಗೆ ಓಡುವಾಗ ಎಂಜಿನ್ ಇರುವುದಿಲ್ಲ. ಎತ್ತರಕ್ಕೆ ಎಳೆದು ಬಿಟ್ಟ ಮೇಲೆ ಗುರುತ್ವಾಕರ್ಷಣೆಯೇ ಅದನ್ನು ಓಡಿಸುತ್ತದೆ. ಹಳಿ ಒದ್ದೆಯಾದಾಗ ಘರ್ಷಣೆ ಕಡಿಮೆಯಾಗಿ ರೈಲು ಮಾಮೂಲಿಗಿಂತ ವೇಗವಾಗಿ ಓಡಬಹುದು. ಅದೇ ಹೊತ್ತಿಗೆ ಒತ್ತಿ ಹಿಡಿದು ನಿಲ್ಲಿಸುವ ಬ್ರೇಕ್‌ನ ಹಿಡಿತವೂ ಸಡಿಲವಾಗುತ್ತದೆ. ಮಳೆಯಲ್ಲಿ ಸ್ಕೂಟರ್ ಬ್ರೇಕ್ ಹಿಡಿದವರಿಗೆ ಇದು ಗೊತ್ತಿರುವ ವಿಷಯ. ಅಯಸ್ಕಾಂತದ ಬ್ರೇಕ್ ಇರುವ ಹೊಸ ರೈಡ್‌ಗಳಲ್ಲಿ ಈ ತೊಂದರೆ ಕಡಿಮೆ. ಹಾಗಾಗಿಯೇ ಒಂದೇ ಪಾರ್ಕ್‌ನಲ್ಲಿ ಒಂದು ಕೋಸ್ಟರ್ ನಿಂತಿದ್ದರೂ ಇನ್ನೊಂದು ಓಡುತ್ತಿರುವುದುಂಟು.

ಎರಡನೆಯದು ಕುಳಿತವರ ಕಷ್ಟ. ಗಂಟೆಗೆ 80-100 ಕಿ.ಮೀ. ವೇಗದಲ್ಲಿ ಹೋಗುವಾಗ ಮಳೆಹನಿ ಮುಖಕ್ಕೆ ಸೂಜಿ ಚುಚ್ಚಿದಂತೆ ಬಡಿಯುತ್ತದೆ. ಕಣ್ಣು ಬಿಡಲಾಗದೆ ತಲೆ ಅತ್ತಿತ್ತ ತಿರುಗಿಸಿದರೆ ಕುತ್ತಿಗೆಗೆ ಪೆಟ್ಟು. ಒದ್ದೆ ಕೈಯಲ್ಲಿ ಹಿಡಿಕೆ ಜಾರುತ್ತದೆ.

ಮೂರನೆಯದು ಗಾಳಿ ಮತ್ತು ಸಿಡಿಲು. ಎತ್ತರದ ಟವರ್, ಜೈಂಟ್ ವೀಲ್, ಸುತ್ತುವ ತೊಟ್ಟಿಲು ಇವೆಲ್ಲ ಲೋಹದ ರಚನೆಗಳು. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುತ್ತವೆ. ಗಾಳಿ ಜೋರಾದರೆ ಮಳೆ ಇಲ್ಲದಿದ್ದರೂ ಇವನ್ನು ನಿಲ್ಲಿಸಲೇಬೇಕು.

ಮಳೆ ನಿಂತ ತಕ್ಷಣ ರೈಡ್ ಶುರುವಾಗುವುದೂ ಇಲ್ಲ. ಸೀಟು ಒರೆಸಬೇಕು, ಲಾಕ್ ಪರೀಕ್ಷಿಸಬೇಕು, ಖಾಲಿ ರೈಲನ್ನು ಕೆಲವು ಸುತ್ತು ಓಡಿಸಿ ನೋಡಬೇಕು. ಖಾಲಿ ರೈಲು ಓಡುವುದು ಕಂಡರೆ ರೈಡ್ ಇನ್ನೇನು ತೆರೆಯಲಿದೆ ಎಂದು ಅರ್ಥ. ಕ್ಯೂ ಕಡೆ ಹೆಜ್ಜೆ ಹಾಕಲು ಅದೇ ಸರಿಯಾದ ಹೊತ್ತು.

ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ?

ಪಾರ್ಕ್‌ನಿಂದ ಪಾರ್ಕ್‌ಗೆ ನಿಯಮ ಬೇರೆ. ಆದರೂ ಸ್ಥೂಲವಾಗಿ ರೈಡ್‌ಗಳನ್ನು ನಾಲ್ಕು ಗುಂಪು ಮಾಡಿಕೊಂಡರೆ ಪ್ಲಾನ್ ಮಾಡುವುದು ಸುಲಭ.

- ಮೊದಲು ನಿಲ್ಲುವವು: ಎತ್ತರದ ಟವರ್ ರೈಡ್, ದೊಡ್ಡ ರೋಲರ್ ಕೋಸ್ಟರ್, ಜೈಂಟ್ ವೀಲ್, ಸರಪಳಿ ತೊಟ್ಟಿಲು.
- ಸಣ್ಣ ಮಳೆಯಲ್ಲಿ ನಡೆಯಬಹುದಾದವು: ಮಕ್ಕಳ ನಿಧಾನಗತಿಯ ರೈಡ್, ಮಾಡು ಇರುವ ಡ್ಯಾಶಿಂಗ್ ಕಾರ್, ಪುಟಾಣಿ ರೈಲು.
- ಹೇಗಿದ್ದರೂ ಒದ್ದೆಯಾಗುವವು: ನೀರಿನ ಜಾರುಬಂಡಿ, ದೋಣಿ ರೈಡ್, ಅಲೆಯ ಕೊಳ. ಬರೀ ಮಳೆಯಾದರೆ ನಡೆಯುತ್ತವೆ, ಗುಡುಗಿದರೆ ಖಾಲಿ ಮಾಡಿಸುತ್ತಾರೆ.
- ಮಳೆಗೆ ಜಗ್ಗದವು: ಕಟ್ಟಡದ ಒಳಗಿನ ರೈಡ್, ಸಿನಿಮಾ ಮಾದರಿಯ ಶೋ, ಭೂತದ ಮನೆ, ಹಿಮದ ಪಾರ್ಕ್.

ಟಿಕೆಟ್ ಕೊಳ್ಳುವ ಮೊದಲೇ ಪಾರ್ಕ್‌ನ ನಕ್ಷೆ ತೆರೆದು ನಾಲ್ಕನೇ ಗುಂಪಿನಲ್ಲಿ ಎಷ್ಟು ರೈಡ್‌ಗಳಿವೆ ಎಂದು ಎಣಿಸಿ. ಐದಾರು ಇದ್ದರೆ ಮಳೆ ದಿನವೂ ನಷ್ಟವಿಲ್ಲ. ಒಂದೋ ಎರಡೋ ಇದ್ದರೆ ಆ ಪಾರ್ಕ್ ಬಿಸಿಲಿನ ದಿನಕ್ಕೇ ಸರಿ.

ಹೋಗುವುದೇ, ಬೇಡವೇ? ಬಣ್ಣ ನೋಡಿ ನಿರ್ಧರಿಸಿ

ಭಾರತೀಯ ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆಯನ್ನು ನಾಲ್ಕು ಬಣ್ಣಗಳಲ್ಲಿ ಕೊಡುತ್ತದೆ. ಇಲಾಖೆಯ 'ಮೌಸಮ್' ಆ್ಯಪ್ ಮತ್ತು ವೆಬ್‌ಸೈಟ್‌ನಲ್ಲಿ ಇದು ಸಿಗುತ್ತದೆ. ನೋಡಬೇಕಾದದ್ದು ನೀವಿರುವ ಜಿಲ್ಲೆಯನ್ನಷ್ಟೇ ಅಲ್ಲ, ಪಾರ್ಕ್ ಇರುವ ಜಿಲ್ಲೆಯನ್ನೂ. ಮುಂಬೈನಿಂದ ಖೋಪೋಲಿಗೆ ಹೋಗುವವರು ರಾಯಗಡ ಜಿಲ್ಲೆಯ ಎಚ್ಚರಿಕೆ ನೋಡಬೇಕು.

- ಹಸಿರು: ಎಚ್ಚರಿಕೆ ಏನೂ ಇಲ್ಲ. ನಿಶ್ಚಿಂತೆಯಿಂದ ಹೊರಡಿ.
- ಹಳದಿ: ಗಮನವಿರಲಿ ಎಂಬ ಸೂಚನೆ. ಮಳೆ ದಿನದ ಪ್ಲಾನ್ ಹಿಡಿದು ಹೋಗಬಹುದು.
- ಕಿತ್ತಳೆ: ಸಿದ್ಧರಾಗಿರಿ ಎಂಬ ಸೂಚನೆ. ಘಾಟಿ ದಾರಿ ಇದ್ದರೆ, ಪುಟ್ಟ ಮಕ್ಕಳಿದ್ದರೆ ದಿನಾಂಕ ಬದಲಿಸುವುದು ಒಳ್ಳೆಯದು.
- ಕೆಂಪು: ಕ್ರಮ ಕೈಗೊಳ್ಳಬೇಕಾದ ಸ್ಥಿತಿ. ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ, ಹೊರಡಬೇಡಿ.

ಸುದ್ದಿಯಲ್ಲಿ ಬರುವ 'ಭಾರೀ ಮಳೆ' ಎಂಬ ಪದಕ್ಕೂ ಇಲಾಖೆಯ ಲೆಕ್ಕವಿದೆ. 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಭಾರೀ ಮಳೆ, 204.4 ಮಿ.ಮೀ.ವರೆಗೆ ಅತಿ ಭಾರೀ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರೀ ಮಳೆ. ದಿನವಿಡೀ ಹರಡಿಕೊಂಡು 20 ಮಿ.ಮೀ. ಬಿದ್ದರೆ ಪಾರ್ಕ್‌ನಲ್ಲಿ ಆರಾಮವಾಗಿ ಓಡಾಡಬಹುದು. ಅಷ್ಟೇ ಮಳೆ ಅರ್ಧ ಗಂಟೆಯಲ್ಲಿ ಸುರಿದರೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ದಿನದ ಮುನ್ಸೂಚನೆಯ ಜೊತೆಗೆ, ಮುಂದಿನ ಮೂರು ಗಂಟೆಗೆ ಇಲಾಖೆ ಕೊಡುವ ತಕ್ಷಣದ ಮುನ್ಸೂಚನೆಯನ್ನೂ ರೇಡಾರ್ ಚಿತ್ರವನ್ನೂ ಫೋನಿನಲ್ಲಿ ನೋಡುತ್ತಿರಿ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಇದೆ.

ದಾರಿಯೂ ಲೆಕ್ಕಕ್ಕೆ ಬರಲಿ

ಮಳೆ ದಿನ ಪಾರ್ಕ್ ಒಳಗಿಗಿಂತ ಪಾರ್ಕ್‌ಗೆ ಹೋಗುವ ದಾರಿಯೇ ಹೆಚ್ಚು ಅಪಾಯದ್ದಾಗಿರಬಹುದು. 2015ರ ಜುಲೈನಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇಯ ಆಡೋಶಿ ಸುರಂಗದ ಬಳಿ ಗುಡ್ಡದಿಂದ ಬಂಡೆಗಳು ಉರುಳಿ ವಾಹನಗಳ ಮೇಲೆ ಬಿದ್ದು ಸಾವು ಸಂಭವಿಸಿತ್ತು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನ ಇರ್ಶಾಳವಾಡಿ ಎಂಬ ಹಾಡಿಯ ಮೇಲೆ ಗುಡ್ಡ ಕುಸಿಯಿತು. ಇಮ್ಯಾಜಿಕಾ ಪಾರ್ಕ್ ಇರುವುದೂ ಅದೇ ತಾಲ್ಲೂಕಿನಲ್ಲಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಬಿಡದಿಯ ವಂಡರ್‌ಲಾಗೆ ಹೋಗುವುದೂ ಇದೇ ಹೆದ್ದಾರಿಯಲ್ಲಿ.

ಇವೆಲ್ಲ ದಿನನಿತ್ಯದ ಘಟನೆಗಳಲ್ಲ. ಆದರೆ ಮೂರೂ ನಡೆದದ್ದು ಎಡೆಬಿಡದೆ ಮಳೆ ಸುರಿದ ದಿನಗಳಲ್ಲಿ. ಹಿಂದಿನ ಎರಡು-ಮೂರು ದಿನ ಜೋರು ಮಳೆಯಾಗಿದ್ದರೆ, ಇವತ್ತು ಬಿಸಿಲು ಬಂದಿದ್ದರೂ ಘಾಟಿ ದಾರಿಯಲ್ಲಿ ಎಚ್ಚರ ಬೇಕು. ವಾಪಸ್ ಹೊರಡುವುದನ್ನು ಕತ್ತಲಾಗುವ ತನಕ ಎಳೆಯಬೇಡಿ. ಕಾರನ್ನು ಹಳೆಯ ಮರದ ಕೆಳಗೆ ಅಥವಾ ತಗ್ಗಿನಲ್ಲಿ ನಿಲ್ಲಿಸಬೇಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಮುಂದಿನ ಗಾಡಿ ದಾಟಿತೆಂದು ನೀವೂ ದಾಟಿಸಬೇಡಿ.

ನಿಮ್ಮ ಊರಿನ ಮಳೆ ಎಂಥದ್ದು?

ಎಲ್ಲ ಊರಿನ ಮಳೆಯೂ ಒಂದೇ ಥರ ಇರುವುದಿಲ್ಲ. ಇದು ಗೊತ್ತಿದ್ದರೆ ಬೆಳಗಿನ ಪಾಳಿಗೆ ಯಾವುದು, ಸಂಜೆಗೆ ಯಾವುದು ಎಂದು ಮೊದಲೇ ಯೋಚಿಸಬಹುದು.

ಮುಂಬೈ, ಪುಣೆ: ಮುಂಬೈಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ನಾಲ್ಕು ತಿಂಗಳಲ್ಲಿ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಜುಲೈ-ಆಗಸ್ಟ್‌ನಲ್ಲಿ ಗುಡುಗು ಕಡಿಮೆ, ಬಿಟ್ಟು ಬಿಟ್ಟು ಸುರಿಯುವುದು ಹೆಚ್ಚು. ಗುಡುಗು-ಮಿಂಚಿನ ಆರ್ಭಟ ಮುಂಗಾರಿನ ಆರಂಭದಲ್ಲಿ ಮತ್ತು ಅದು ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಜಾಸ್ತಿ. ಖೋಪೋಲಿ, ಲೋಣಾವಳ ಘಟ್ಟದ ಸೆರಗಿನಲ್ಲಿರುವುದರಿಂದ ಪುಣೆಯಲ್ಲಿ ಬರೀ ತುಂತುರು ಇರುವಾಗಲೂ ಅಲ್ಲಿ ಧಾರಾಕಾರ ಮಳೆ ಇರಬಹುದು.

ಹೈದರಾಬಾದ್, ಬೆಂಗಳೂರು: ಇಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟಿ ಸಂಜೆ ಗುಡುಗು ಸಹಿತ ಸುರಿಯುವುದು ರೂಢಿ. ಬೆಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಮಳೆಯೂ, ಸೆಪ್ಟೆಂಬರ್-ಅಕ್ಟೋಬರ್ ಮಳೆಯೂ ಹೀಗೆಯೇ. ಬೇಸಿಗೆ ರಜೆಗೆ ಊರಿಗೆ ಬಂದು ವಂಡರ್‌ಲಾಗೆ ಹೋಗುವವರು ಹೊರಗಿನ ದೊಡ್ಡ ರೈಡ್‌ಗಳನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಹೈದರಾಬಾದ್‌ನ ವಂಡರ್‌ಲಾ, ರಾಮೋಜಿ ಫಿಲ್ಮ್ ಸಿಟಿಗೂ ಇದೇ ಸೂತ್ರ.

ಚೆನ್ನೈ: ಇಲ್ಲಿ ನಿಜವಾದ ಮಳೆಗಾಲ ಹಿಂಗಾರಿನದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಎರಡು-ಮೂರು ದಿನ ಬಿಡದೆ ಸುರಿಯುತ್ತದೆ, ಜೊತೆಗೆ ಜೋರು ಗಾಳಿ. ವಿಜಿಪಿ ಯೂನಿವರ್ಸಲ್ ಕಿಂಗ್‌ಡಮ್, ಎಂಜಿಎಂ ಡಿಜ್ಜೀ ವರ್ಲ್ಡ್ ಎರಡೂ ಪೂರ್ವ ಕರಾವಳಿ ರಸ್ತೆಯಲ್ಲಿ, ಕಡಲ ಪಕ್ಕದಲ್ಲೇ ಇವೆ. ಚಂಡಮಾರುತದ ಸುದ್ದಿ ಇದ್ದರೆ ಆ ವಾರ ಹೋಗುವ ಮಾತೇ ಬೇಡ. ಜೂನ್-ಜುಲೈ ತಿಂಗಳ ಸಂಜೆ ಮಳೆಯಾದರೆ ಗಂಟೆ ಹೊತ್ತಿನಲ್ಲಿ ನಿಲ್ಲುತ್ತದೆ.

ದೆಹಲಿ: ಮುಂಗಾರು ಬರುವ ವಾಡಿಕೆಯ ದಿನ ಜೂನ್ 27. ಒಟ್ಟು ಮಳೆ ಮುಂಬೈಗಿಂತ ತುಂಬಾ ಕಡಿಮೆ, ಆದರೆ ಬಂದರೆ ಒಂದೇ ಸಲ. 2024ರ ಜೂನ್ 28ರಂದು ಸಫ್ದರ್‌ಜಂಗ್‌ನಲ್ಲಿ 24 ಗಂಟೆಗಳಲ್ಲಿ ಸುಮಾರು 228 ಮಿ.ಮೀ. ಮಳೆ ದಾಖಲಾಗಿ ನಗರವೇ ಸ್ತಬ್ಧವಾಗಿತ್ತು. ರೋಹಿಣಿಯ ಅಡ್ವೆಂಚರ್ ಐಲ್ಯಾಂಡ್ ರಿಠಾಲಾ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ಮಳೆ ದಿನ ಕಾರಿಗಿಂತ ಮೆಟ್ರೋ ವಾಸಿ.

ಟಿಕೆಟ್ ಕೊಳ್ಳುವ ಮೊದಲು

ಮಳೆಯಿಂದ ರೈಡ್ ನಿಂತರೆ ಹಣ ವಾಪಸ್ ಸಿಗುತ್ತದೆ ಎಂದುಕೊಳ್ಳಬೇಡಿ. ಹವಾಮಾನ ಅಥವಾ ನಿರ್ವಹಣೆಯ ಕಾರಣಕ್ಕೆ ರೈಡ್ ನಿಲ್ಲಬಹುದು, ಅದಕ್ಕೆ ಮರುಪಾವತಿ ಇಲ್ಲ ಎಂಬ ಷರತ್ತು ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಇರುತ್ತದೆ. ಬುಕ್ ಮಾಡುವ ಮೊದಲು ಮೂರು ವಿಷಯ ಓದಿಕೊಳ್ಳಿ: ದಿನಾಂಕ ಬದಲಿಸಲು ಅವಕಾಶವಿದೆಯೇ, ಎಷ್ಟು ದಿನ ಮೊದಲು ಬದಲಿಸಬೇಕು, ಪಾರ್ಕ್ ಪೂರ್ತಿ ಮುಚ್ಚಿದರೆ ಏನು ಕೊಡುತ್ತಾರೆ.

ಮಳೆಗಾಲದಲ್ಲಿ ದಿನಾಂಕ ಬದಲಿಸಬಹುದಾದ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪಾರ್ಕ್ ಊರಿಗೆ ಹತ್ತಿರವಿದ್ದು, ವಾರದ ದಿನ ಹೋಗುವುದಾದರೆ ಮುನ್ಸೂಚನೆ ನೋಡಿಕೊಂಡು ಹಿಂದಿನ ರಾತ್ರಿ ಬುಕ್ ಮಾಡುವುದೇ ಮೇಲು. ಗೇಟ್‌ಗೆ ತಲುಪಿದ ಮೇಲೆ ಟಿಕೆಟ್ ಸ್ಕ್ಯಾನ್ ಮಾಡಿಸುವ ಮೊದಲು, ಇವತ್ತು ಯಾವ ರೈಡ್‌ಗಳು ನಡೆಯುತ್ತಿವೆ ಎಂದು ಕೌಂಟರ್‌ನಲ್ಲಿ ಕೇಳಿ. ಸ್ಕ್ಯಾನ್ ಆದ ಮೇಲೆ ದಿನಾಂಕ ಬದಲಿಸಿಕೊಳ್ಳುವುದು ಕಷ್ಟ. ಕೊಟ್ಟ ಮಾತಿನಂತೆ ಸೇವೆ ಸಿಗಲಿಲ್ಲ, ಪಾರ್ಕ್‌ನವರು ಸ್ಪಂದಿಸಲೂ ಇಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ದಿನ ಹೊಂದಿಸುವುದು ಹೇಗೆ? ಇಮ್ಯಾಜಿಕಾ ಉದಾಹರಣೆ

ಮುಂಬೈ-ಪುಣೆ ನಡುವೆ ಖೋಪೋಲಿ ಬಳಿ ಇರುವ ಇಮ್ಯಾಜಿಕಾ ಥೀಮ್ ಪಾರ್ಕ್ 2013ರಲ್ಲಿ ಆರಂಭವಾಯಿತು. ನಂತರ ವಾಟರ್ ಪಾರ್ಕ್ ಮತ್ತು ಸ್ನೋ ಪಾರ್ಕ್ ಸೇರಿಕೊಂಡವು. ಕಟ್ಟಡದ ಒಳಗಿನ ಆಕರ್ಷಣೆಗಳು ಹೆಚ್ಚಿರುವುದರಿಂದ ಮಳೆ ದಿನಕ್ಕೆ ಇದು ಒಳ್ಳೆಯ ಉದಾಹರಣೆ. ನೈಟ್ರೋ ಹೊರಗಿನ ದೊಡ್ಡ ರೋಲರ್ ಕೋಸ್ಟರ್. ಕಾಲ ಕೆಳಗೆ ನೆಲವಿಲ್ಲದ ಸೀಟು ಅದರ ವಿಶೇಷ. ಸ್ಕ್ರೀಮ್ ಮಷೀನ್, ಗೋಲ್ಡ್ ರಶ್ ಎಕ್ಸ್‌ಪ್ರೆಸ್ ಕೂಡ ಹೊರಗಿನವು. ಒಳಗಿನವುಗಳಲ್ಲಿ ಕತ್ತಲೆಯಲ್ಲಿ ಓಡುವ ಡೀಪ್ ಸ್ಪೇಸ್ ಕೋಸ್ಟರ್, ದೇಶದ ಮೇಲೆ ಹಾರಿದ ಅನುಭವ ಕೊಡುವ ಐ ಫಾರ್ ಇಂಡಿಯಾ, ಗುರಿಯಿಟ್ಟು ಹೊಡೆಯುತ್ತ ಸಾಗುವ ಅಲಿಬಾಬಾ, ಭೂತದ ಕೋಟೆ ಸಲೀಮ್‌ಗಢ, ಮಿಸ್ಟರ್ ಇಂಡಿಯಾ ರೈಡ್ ಪ್ರಮುಖವಾದವು. ಯಾವುದು ರಿಪೇರಿಯಲ್ಲಿದೆ ಎಂಬುದನ್ನು ಆ ದಿನವೇ ವಿಚಾರಿಸಿಕೊಳ್ಳಿ.

ಮಳೆ ದಿನ ಬಹಳ ಜನ ಎಡವುವುದು ಒಂದೇ ಕಡೆ. ಹನಿ ಶುರುವಾಗುತ್ತಲೇ ಹೊರಗಿದ್ದವರೆಲ್ಲ ಒಂದೇ ಸಲ ಒಳಗಿನ ರೈಡ್‌ಗೂ ಕ್ಯಾಂಟೀನ್‌ಗೂ ಓಡುತ್ತಾರೆ. ಹೊರಗಿನ ಕ್ಯೂ ಖಾಲಿಯಾದಷ್ಟೂ ಒಳಗಿನ ಕ್ಯೂ ಬೆಳೆಯುತ್ತದೆ. ಮಳೆ ನಿಂತರೂ ಅವರು ಆ ಕ್ಯೂ ಬಿಟ್ಟು ಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮಳೆಗಿಂತ ಒಂದು ಹೆಜ್ಜೆ ಮುಂದಿರುವುದೇ ಇದಕ್ಕೆ ಉಪಾಯ.

1. ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ. ಮಳೆ ಇಲ್ಲದಿದ್ದರೆ ಅಥವಾ ಬರೀ ತುಂತುರಾಗಿದ್ದರೆ ನೇರ ನೈಟ್ರೋ ಕಡೆ ನಡೆಯಿರಿ. ಮುಂದೆ ನಿಲ್ಲಬಹುದಾದ ರೈಡ್‌ಗಳನ್ನೇ ಮೊದಲು ಮುಗಿಸಿ. ಒಳಗಿನವು ಎಲ್ಲಿಗೂ ಓಡಿಹೋಗುವುದಿಲ್ಲ.
2. ಮೋಡ ಹತ್ತಿರ ಬರುತ್ತಿದೆ ಎಂದು ರೇಡಾರ್ ತೋರಿಸಿದರೆ ಹನಿ ಬೀಳುವ ಹತ್ತು-ಹದಿನೈದು ನಿಮಿಷ ಮೊದಲೇ ಒಳಗಿನ ರೈಡ್‌ನ ಕ್ಯೂ ಸೇರಿಕೊಳ್ಳಿ.
3. ಊಟದ ಹೊತ್ತು ಬದಲಿಸಿ. ಜೋರು ಮಳೆಯಲ್ಲಿ ಒಂದೂವರೆ ಗಂಟೆಗೆ ಕ್ಯಾಂಟೀನ್‌ಗೆ ಹೋದರೆ ಕೂರಲು ಜಾಗ ಸಿಗುವುದಿಲ್ಲ. ಹನ್ನೆರಡಕ್ಕೇ ಉಣ್ಣಿ, ಇಲ್ಲವೇ ಎರಡೂವರೆ ಮೇಲೆ ಉಣ್ಣಿ.
4. ಮಳೆ ಇಳಿಮುಖವಾದಾಗ ಹೊರಡಿ. ಪೂರ್ತಿ ನಿಲ್ಲುವ ತನಕ ಕಾದರೆ ಎಲ್ಲರೂ ಹೊರಡುತ್ತಾರೆ. ತುಂತುರು ಇರುವಾಗಲೇ ರೇನ್‌ಕೋಟ್ ಹಾಕಿಕೊಂಡು ಹೊರಗಿನ ರೈಡ್ ಬಳಿ ಇದ್ದರೆ, ತೆರೆದ ತಕ್ಷಣ ಮೊದಲ ಸುತ್ತಿನಲ್ಲೇ ಸೀಟು ಸಿಗಬಹುದು.
5. ಶೋಗಳ ಸಮಯ ಬೆಳಗ್ಗೆಯೇ ಬರೆದುಕೊಳ್ಳಿ. ಕೂತು ನೋಡುವ ಶೋ ಮಳೆ ಹೊತ್ತಿಗೆ ಸರಿಹೊಂದಿದರೆ ವಿಶ್ರಾಂತಿಯೂ ಆಯಿತು, ಬಟ್ಟೆಯೂ ಆರಿತು.

ಇದೇ ಸೂತ್ರ ಬೇರೆ ಕಡೆಗೂ ಅನ್ವಯಿಸುತ್ತದೆ. ರಾಮೋಜಿ ಫಿಲ್ಮ್ ಸಿಟಿಯಲ್ಲಿ ಸೆಟ್‌ಗಳನ್ನು ತೋರಿಸುವ ಬಸ್ ಸುತ್ತಾಟವನ್ನು ಬೆಳಗ್ಗೆಯೇ ಮುಗಿಸಿ, ಒಳಾಂಗಣದ ಫಿಲ್ಮಿ ದುನಿಯಾದಂಥವನ್ನು ಸಂಜೆಗೆ ಇಟ್ಟುಕೊಳ್ಳಿ. ವಂಡರ್‌ಲಾದಲ್ಲಿ ಬೆಚ್ಚಗಿನ ನೀರಿನ ರೇನ್ ಡಿಸ್ಕೋ ಇದೆ. ಹೊರಗಿನ ಮಳೆಯಲ್ಲಿ ನಡುಗಿದ ಮಕ್ಕಳಿಗೆ ಅದು ಹಿತವೆನಿಸುತ್ತದೆ.

ಗುಡುಗಿದರೆ ಚೌಕಾಸಿ ಬೇಡ

ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಮಂದಿ ಬಲಿಯಾಗಿದ್ದಾರೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಆಗ ಗಟ್ಟಿ ಕಟ್ಟಡದ ಒಳಗಿರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ಮರದ ಅಡಿ, ಹುಲ್ಲಿನ ಛತ್ರಿ, ಗೋಡೆಯಿಲ್ಲದ ತಗಡಿನ ಶೆಡ್ ಸುರಕ್ಷಿತವಲ್ಲ. ಕಿಟಕಿ ಮುಚ್ಚಿದ ಕಾರು ಪರವಾಗಿಲ್ಲ. ನೀರಿನಲ್ಲಿ ಇದ್ದರಂತೂ ಸೀಟಿ ಊದಿದ ಕೂಡಲೇ ಮೇಲೆ ಬನ್ನಿ. 'ಇನ್ನೊಂದೇ ಸಲ' ಎಂದು ಮಕ್ಕಳು ಹಟ ಮಾಡಿದರೂ ಒಪ್ಪಬೇಡಿ. ಇಂಥ ಹೊತ್ತಿನಲ್ಲಿ ರೈಡ್ ನಿಲ್ಲಿಸಿದ ಹುಡುಗನ ಜೊತೆ ವಾದಕ್ಕಿಳಿಯಬೇಡಿ. ಅವನು ನಿಲ್ಲಿಸಿದ್ದು ನಿಮ್ಮ ಜೀವದ ಕಾಳಜಿಯಿಂದಲೇ.

ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು?

- ಛತ್ರಿಗಿಂತ ರೇನ್‌ಕೋಟ್: ಕ್ಯೂನಲ್ಲಿ ಛತ್ರಿ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ತೆಳುವಾದ ರೇನ್‌ಕೋಟ್ ಮಡಚಿ ಬ್ಯಾಗಿಗೆ ಹಾಕಬಹುದು. ರೈಡ್ ಹತ್ತುವ ಮೊದಲು ತೆಗೆದಿಡಿ. ಸಡಿಲವಾದ ಪ್ಲಾಸ್ಟಿಕ್ ಗಾಳಿಗೆ ಎದ್ದು ಮುಖ ಮುಚ್ಚುವ, ಯಂತ್ರಕ್ಕೆ ಸಿಕ್ಕುವ ಅಪಾಯವಿದೆ. ದುಪಟ್ಟಾ, ಉದ್ದ ಶಾಲಿಗೂ ಇದೇ ಮಾತು.
- ಬಟ್ಟೆ: ಜೀನ್ಸ್ ಬೇಡ. ಒಮ್ಮೆ ಒದ್ದೆಯಾದರೆ ಸಂಜೆವರೆಗೆ ಆರುವುದಿಲ್ಲ. ಬೇಗ ಆರುವ ತೆಳು ಬಟ್ಟೆ ಒಳ್ಳೆಯದು. ವಾಟರ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ನೈಲಾನ್ ಅಥವಾ ಲೈಕ್ರಾ ಉಡುಪು ಕಡ್ಡಾಯ, ಕಾಟನ್‌ಗೆ ಅವಕಾಶವಿರುವುದಿಲ್ಲ. ಬಾಡಿಗೆಗೂ ಸಿಗುತ್ತದೆ.
- ಪಾದರಕ್ಷೆ: ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಹವಾಯಿ ಚಪ್ಪಲಿ ಜಾರುತ್ತದೆ. ಶೂ ಒದ್ದೆಯಾದರೆ ಕಾಲು ಬೊಕ್ಕೆ ಬರುತ್ತದೆ.
- ಎರಡು ಜೊತೆ ಬಟ್ಟೆ: ಒಂದು ಲಾಕರ್‌ನಲ್ಲಿ, ಇನ್ನೊಂದು ಕಾರಿನಲ್ಲಿ. ಟವೆಲ್ ಮತ್ತು ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ ಮರೆಯಬೇಡಿ.
- ಫೋನ್: ಕುತ್ತಿಗೆಗೆ ಹಾಕುವ ನೀರು ಹೋಗದ ಪೌಚ್, ಪವರ್ ಬ್ಯಾಂಕ್. ಸ್ವಲ್ಪ ನಗದೂ ಇರಲಿ, ಜೋರು ಮಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ.
- ತಿಂಡಿ: ಪಾರ್ಕ್ ಒಳಗೆ ಹೊರಗಿನ ತಿಂಡಿ ಬಿಡುವುದು ಅಪರೂಪ. ಆದರೂ ಚಕ್ಕುಲಿ, ಕೋಡುಬಳೆ ಡಬ್ಬಿ ಮತ್ತು ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ ಕಾರಿನಲ್ಲಿರಲಿ. ಮಳೆಯ ಟ್ರಾಫಿಕ್‌ನಲ್ಲಿ ಎರಡು ಗಂಟೆ ಸಿಕ್ಕಿಕೊಂಡಾಗ ಅದರ ಬೆಲೆ ತಿಳಿಯುತ್ತದೆ.

ಮಕ್ಕಳು, ಹಿರಿಯರು ಜೊತೆಗಿದ್ದರೆ

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಗಟ್ಟಿದರೆ, ಹಲ್ಲು ಕಟಕಟ ಎಂದರೆ ಆಟ ಅಲ್ಲಿಗೆ ಸಾಕು. ಒರೆಸಿ, ಒಣಬಟ್ಟೆ ಹಾಕಿ, ಬಿಸಿ ಹಾಲೋ ಸೂಪೋ ಕುಡಿಸಿ. ಒದ್ದೆ ಬಟ್ಟೆಯಲ್ಲಿ ಎಸಿ ಹಾಲ್‌ಗೆ, ಸ್ನೋ ಪಾರ್ಕ್‌ಗೆ ಕರೆದೊಯ್ಯಲೇಬೇಡಿ. ಸ್ನೋ ಪಾರ್ಕ್ ಟಿಕೆಟ್ ಇದ್ದರೆ ನೀರಾಟಕ್ಕೆ ಮೊದಲೇ ಮುಗಿಸಿಕೊಳ್ಳಿ. ಮಳೆಯಲ್ಲಿ ಜನ ಚದುರಿದಾಗ ಮಕ್ಕಳು ಕೈತಪ್ಪುವುದು ಹೆಚ್ಚು. 'ಕಾಣದಿದ್ದರೆ ಇಲ್ಲಿಗೇ ಬರಬೇಕು' ಎಂದು ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತುಮಾಡಿ, ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ.

ಅಜ್ಜ-ಅಜ್ಜಿ ಬಂದಿದ್ದರೆ ಒದ್ದೆ ಟೈಲ್ಸ್, ಇಳಿಜಾರು, ಮೆಟ್ಟಿಲುಗಳೇ ಅಪಾಯದ ಜಾಗಗಳು. ಒಬ್ಬರು ಸದಾ ಅವರ ಜೊತೆಗಿರಲಿ. ಗಾಲಿಕುರ್ಚಿ ಸಿಗುತ್ತದೆಯೇ ಎಂದು ಗೇಟ್‌ನಲ್ಲೇ ವಿಚಾರಿಸಿ. ಕಾಲಲ್ಲಿ ಗಾಯವಿದ್ದವರು ಪಾರ್ಕಿಂಗ್‌ನಲ್ಲೋ ರಸ್ತೆಯಲ್ಲೋ ನಿಂತ ನೀರಿನಲ್ಲಿ ನಡೆಯಬಾರದು. ಇಲಿ ಜ್ವರ ಹರಡುವುದು ಅಂಥ ನೀರಿನಿಂದಲೇ. ನಡೆಯಲೇಬೇಕಾಗಿ ಬಂದಿದ್ದು, ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಆ ವಿಷಯ ಹೇಳಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ದಿನ ವಾಟರ್ ಪಾರ್ಕ್‌ಗೆ ಹೋಗುವುದು ಸರಿಯೇ?
ಗುಡುಗಿಲ್ಲದ, ಹಳದಿ ಎಚ್ಚರಿಕೆಯೊಳಗಿನ ಮಳೆಯಾದರೆ ಸರಿ. ಹೇಗಿದ್ದರೂ ಒದ್ದೆಯಾಗುತ್ತೀರಿ, ಬಿಸಿಲಿನ ಕಾಟವೂ ಇಲ್ಲ. ಆದರೆ ನೀರಿನಿಂದ ಮೇಲೆ ಬಂದಾಗ ಗಾಳಿಗೆ ಚಳಿ ಹೆಚ್ಚು. ಒಂದೇ ಸಮನೆ ನೀರಿನಲ್ಲಿರದೆ ನಡುನಡುವೆ ಬೆಚ್ಚಗಾಗಿ.

ಮಳೆ ದಿನ ಜನ ಎಷ್ಟು ಕಡಿಮೆ ಇರುತ್ತಾರೆ?
ವಾರದ ದಿನ ಮಳೆಯಾದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಶನಿವಾರ, ಭಾನುವಾರ, ಆಗಸ್ಟ್ 15ರಂಥ ರಜೆಗಳಲ್ಲಿ ಮೊದಲೇ ಬುಕ್ ಮಾಡಿದವರು ಬಂದೇ ಬರುತ್ತಾರೆ. ಜೊತೆಗೆ ಲೋಣಾವಳದ ಮಳೆ ನೋಡಲು ಹೊರಟವರ ವಾಹನಗಳಿಂದ ಎಕ್ಸ್‌ಪ್ರೆಸ್ ವೇ ತುಂಬಿರುತ್ತದೆ.

ಮಧ್ಯಾಹ್ನವೇ ಕೆಂಪು ಎಚ್ಚರಿಕೆ ಬಂದರೆ?
ಉಳಿದ ರೈಡ್‌ಗಳ ಆಸೆ ಬಿಟ್ಟು ಹೊರಡುವ ಬಗ್ಗೆ ಪಾರ್ಕ್ ಸಿಬ್ಬಂದಿಯನ್ನು ಕೇಳಿ, ದಾರಿಯ ಸ್ಥಿತಿ ತಿಳಿದುಕೊಳ್ಳಿ. ದಾರಿ ತೆರೆದಿದ್ದರೆ ಬೆಳಕಿರುವಾಗಲೇ ಹೊರಡಿ. ಘಾಟಿಯಲ್ಲಿ ಗುಡ್ಡ ಜಾರಿದ ಸುದ್ದಿ ಇದ್ದರೆ ಹತ್ತಿರದಲ್ಲೇ ರೂಮ್ ಹಿಡಿದು ರಾತ್ರಿ ಕಳೆಯುವುದು ಒಳ್ಳೆಯದು.

ಹೋಗಲೇ ಆಗದಿದ್ದರೆ ಮಕ್ಕಳಿಗೆ ಏನು ಹೇಳುವುದು?
ರದ್ದು ಮಾಡುವುದಾದರೆ ಹಿಂದಿನ ರಾತ್ರಿಯೇ ನಿರ್ಧರಿಸಿ. ಬ್ಯಾಗ್ ತುಂಬಿ, ಶೂ ಹಾಕಿಸಿದ ಮೇಲೆ ಬೇಡ ಎಂದರೆ ಅಳು ನಿಲ್ಲುವುದಿಲ್ಲ. ಇನ್ನೊಂದು ದಿನಾಂಕ ಗೊತ್ತುಮಾಡಿ ಕ್ಯಾಲೆಂಡರ್‌ನಲ್ಲಿ ಮಕ್ಕಳ ಕೈಯಲ್ಲೇ ಗುರುತು ಹಾಕಿಸಿ. ಇಮ್ಯಾಜಿಕಾ, ವಂಡರ್‌ಲಾ ಮುಂದಿನ ವಾರವೂ ಅಲ್ಲೇ ಇರುತ್ತವೆ.